ಹತ್ತಡಿ ಉದ್ದದ ಕಾರು ಮಾಂಟೆ ಕಾರ್ಲೊ ಗೆದ್ದ ಕಥೆ

ಊರಲ್ಲಿ ಯಾರ ಮನೆಯಲ್ಲಾದರೂ ಹಳೆಯ ಮಾರುತಿ 800 ಇದ್ದರೆ ಒಮ್ಮೆ ಬಾನೆಟ್ ಎತ್ತಿಸಿ ನೋಡಿ. ಎಂಜಿನ್ ಅಡ್ಡಡ್ಡ ಕೂತಿರುತ್ತದೆ. ಅಂಬಾಸಡರ್‌ನದು ಹಾಗಲ್ಲ, ಉದ್ದುದ್ದ. ಅಂಬಾಸಡರ್ ಹಿಂದಿನ ಚಕ್ರದಿಂದ ತಳ್ಳಿಸಿಕೊಂಡು ಓಡುತ್ತದೆ, 800 ಮುಂದಿನ ಚಕ್ರದಿಂದ ಎಳೆಸಿಕೊಂಡು ಓಡುತ್ತದೆ. ಹೊಲ ಉಳುವವರಿಗೆ ಎಳೆಯುವುದಕ್ಕೂ ತಳ್ಳುವುದಕ್ಕೂ ಇರುವ ವ್ಯತ್ಯಾಸ ನಾವು ಹೇಳಿಕೊಡಬೇಕಿಲ್ಲ.

ತಮಾಷೆಯೆಂದರೆ, ಈ ಎರಡೂ ಕಾರುಗಳ ಜಾಡು ಹಿಡಿದು ಹೋದರೆ ಇಂಗ್ಲೆಂಡಿನ ಒಂದೇ ಕಂಪನಿಯ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್, ಅಂದರೆ ಬಿಎಂಸಿ. ಅಂಬಾಸಡರ್ ಅವರ ಮಾರಿಸ್ ಆಕ್ಸ್‌ಫರ್ಡ್ ಕಾರಿನದೇ ರೂಪ. ಎಂಜಿನ್ ಅಡ್ಡ ಇಟ್ಟು ಮುಂದಿನ ಚಕ್ರಕ್ಕೆ ಶಕ್ತಿ ಕೊಡುವ ಉಪಾಯವನ್ನು ಲೋಕಕ್ಕೆಲ್ಲ ರೂಢಿ ಮಾಡಿಸಿದ್ದು ಅವರ ಇನ್ನೊಂದು ಕಾರು, ಮಿನಿ. ಇವತ್ತು ನಮ್ಮ ರಸ್ತೆಯಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಅದರ ವಂಶದವೇ.

ಈ ಮಿನಿಯ ಕಥೆ ಹೇಳಬೇಕು ಅನ್ನಿಸಿದ್ದಕ್ಕೆ ಒಂದು ಕಾರಣ ಇದೆ. ನಮ್ಮ ಜೊತೆ ಓದಿದ ಗೆಳೆಯನೊಬ್ಬ ಹೋದ ವರ್ಷ ಹಳೆಯ 800 ಒಂದನ್ನು ಕೊಂಡ. ಅದನ್ನು ಜೋರಾಗಿ ಓಡುವ ಕಾರು ಮಾಡುವ ಹುಚ್ಚು ಹಿಡಿಯಿತು. ಕೊಳವೆಯಂಥ ಸೈಲೆನ್ಸರ್ ಬಂತು, ಅಗಲದ ಟೈರ್ ಬಂತು, ಭಾರ ಕಡಿಮೆಯಾಗಲಿ ಎಂದು ಹಿಂದಿನ ಸೀಟು ಕಳಚಿ ಕೊಟ್ಟಿಗೆಯ ಅಟ್ಟ ಸೇರಿತು. ಮಳೆಗಾಲದ ಒಂದು ಸಂಜೆ ಘಾಟಿ ಇಳಿಯುವಾಗ ಬ್ರೇಕ್ ಹಿಡಿಯಲಿಲ್ಲ. ಕಾರು ಚರಂಡಿಗೆ ಬಿತ್ತು, ಇವನ ಬಲಗೈ ಎರಡು ಕಡೆ ಮುರಿಯಿತು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಅವನು ಕೇಳಿದ ಮಾತು: "ಮಿನಿ ಕೂಪರ್‌ನವರೂ ಇದನ್ನೇ ಅಲ್ಲವಾ ಮಾಡಿದ್ದು?" ಅಲ್ಲಿಂದ ನಾವು ಓದಲು ಕೂತೆವು.

ಮಿನಿ ಹುಟ್ಟಿದ್ದು ಮೋಜಿಗಲ್ಲ, ಪೆಟ್ರೋಲ್ ಬರಕ್ಕೆ. 1956ರಲ್ಲಿ ಈಜಿಪ್ಟ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿತು. ಇಂಗ್ಲೆಂಡ್, ಫ್ರಾನ್ಸ್, ಇಸ್ರೇಲ್ ದಾಳಿ ಮಾಡಿದವು, ಕಾಲುವೆ ಮುಚ್ಚಿತು, ಎಣ್ಣೆ ಹಡಗುಗಳು ನಿಂತವು. ಡಿಸೆಂಬರ್ ಹೊತ್ತಿಗೆ ಇಂಗ್ಲೆಂಡಿನಲ್ಲಿ ಪೆಟ್ರೋಲ್‌ಗೆ ಪಡಿತರ. ಜನ ಜರ್ಮನಿಯ ಪುಟ್ಟ ಗುಳ್ಳೆ ಕಾರುಗಳನ್ನು ಕೊಳ್ಳತೊಡಗಿದರು. ಬಿಎಂಸಿ ಮುಖ್ಯಸ್ಥ ಲೆನಾರ್ಡ್ ಲಾರ್ಡ್‌ಗೆ ಆ ಗುಳ್ಳೆಗಳನ್ನು ಕಂಡರೆ ಆಗದು. ಸರಿಯಾದ ಒಂದು ಸಣ್ಣ ಕಾರು ಮಾಡಿಕೊಡು ಎಂದು ಅಲೆಕ್ ಇಸಿಗೋನಿಸ್‌ಗೆ ಹೇಳಿದರು. ಷರತ್ತು ಒಂದೇ: ಎಂಜಿನ್ ಹೊಸದು ಬೇಡ, ಕಂಪನಿಯಲ್ಲಿ ಇರುವುದನ್ನೇ ಬಳಸಬೇಕು.

ಇಸಿಗೋನಿಸ್ ಹುಟ್ಟಿದ್ದು 1906ರಲ್ಲಿ, ಈಗ ಟರ್ಕಿಯಲ್ಲಿರುವ ಸ್ಮಿರ್ನಾ ಪಟ್ಟಣದಲ್ಲಿ. ಯುದ್ಧ ಬಂದಾಗ ಮನೆಮಠ ಬಿಟ್ಟು ಬಂದ ಕುಟುಂಬ. ಸಾಮಾನು ಕಡಿಮೆ ಜಾಗದಲ್ಲಿ ತುಂಬುವುದನ್ನು ಅಲ್ಲೇ ಕಲಿತರೇನೋ ಎಂದು ನಮಗೆ ತಮಾಷೆಗೆ ಅನ್ನಿಸುತ್ತದೆ. ಕಾರಿನ ಉದ್ದ ಹತ್ತಡಿ ಮೀರಬಾರದು, ಅದರಲ್ಲಿ ನಾಲ್ಕು ಜನ ದೊಡ್ಡವರು ಕೂರಬೇಕು. ಎಂಜಿನನ್ನು ಅಡ್ಡ ತಿರುಗಿಸಿದರು. ಗೇರ್‌ಬಾಕ್ಸ್ ಎಲ್ಲಿಡುವುದು? ಎಂಜಿನ್ ಕೆಳಗೇ, ಆಯಿಲ್ ಇರುವ ತೊಟ್ಟಿಯೊಳಗೇ ಇಟ್ಟರು, ಎರಡಕ್ಕೂ ಒಂದೇ ಆಯಿಲ್. ಚಕ್ರಗಳನ್ನು ಹತ್ತಿಂಚಿಗೆ ಇಳಿಸಿ ನಾಲ್ಕು ಮೂಲೆಗೆ ದೂಡಿದರು. ಸ್ಪ್ರಿಂಗ್ ಬದಲು ಗೆಳೆಯ ಅಲೆಕ್ಸ್ ಮೋಲ್ಟನ್ ಮಾಡಿಕೊಟ್ಟ ರಬ್ಬರ್ ಶಂಕುಗಳು. ಇಷ್ಟೆಲ್ಲ ಮಾಡಿದ್ದು ಜಾಗ ಉಳಿಸಲು. ಆದರೆ ಮೂಲೆಯಲ್ಲಿ ಚಕ್ರ, ನೆಲಕ್ಕೆ ಹತ್ತಿರದ ಮೈ, ಆರುನೂರು ಕೆ.ಜಿ. ಆಸುಪಾಸಿನ ತೂಕ ಸೇರಿದಾಗ ತಿರುವಿನಲ್ಲಿ ಅಂಟಿಕೊಂಡು ಹೋಗುವ ಕಾರು ತಾನಾಗಿ ತಯಾರಾಗಿತ್ತು.

ಮೊದಲ ಮಾದರಿಗೆ 948 ಸಿಸಿ ಎಂಜಿನ್ ಹಾಕಿ ಓಡಿಸಿದರು. ಅದು ಗಂಟೆಗೆ ತೊಂಬತ್ತು ಮೈಲಿ ಮುಟ್ಟಿತು! ಸಂಸಾರಸ್ಥರ ಕಾರಿಗೆ ಇಷ್ಟು ಓಟ ಅಪಾಯ ಎಂದು ಎಂಜಿನನ್ನು 848 ಸಿಸಿಗೆ ತಗ್ಗಿಸಿ, 34 ಅಶ್ವಶಕ್ತಿಗೆ ನಿಲ್ಲಿಸಿ, 1959ರ ಆಗಸ್ಟ್ 26ರಂದು ಮಾರುಕಟ್ಟೆಗೆ ಬಿಟ್ಟರು. ಬೆಲೆ ತೆರಿಗೆ ಸೇರಿ ಸುಮಾರು 497 ಪೌಂಡ್. ಮೊದಲ ವರ್ಷದ ಕಾರುಗಳಲ್ಲಿ ಮಳೆ ಬಂದರೆ ನೆಲಕ್ಕೆ ನೀರು. ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಜಾಲರಿಯ ಹಿಂದೆಯೇ ಇದ್ದದ್ದರಿಂದ ಅದೂ ನೆನೆದು ಗಾಡಿ ನಿಲ್ಲುತ್ತಿತ್ತು. ಫೋರ್ಡ್ ಕಂಪನಿಯವರು ಒಂದು ಮಿನಿ ಕೊಂಡು ನಟ್ಟುಬೋಲ್ಟು ಬಿಚ್ಚಿ ನೋಡಿ, ಪ್ರತಿ ಕಾರಿಗೂ ಬಿಎಂಸಿ ಮೂವತ್ತು ಪೌಂಡ್ ಕಳೆದುಕೊಳ್ಳುತ್ತಿದೆ ಎಂದು ಲೆಕ್ಕ ಹಾಕಿದರಂತೆ.

ಈಗ ಜಾನ್ ಕೂಪರ್. ರೇಸ್ ಕಾರು ಕಟ್ಟುವ ಮನುಷ್ಯ. ಅವರ ಕಾರಿನಲ್ಲೇ ಜಾಕ್ ಬ್ರಾಭಮ್ 1959 ಮತ್ತು 1960ರ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದದ್ದು. ಮಿನಿ ಓಡಿಸಿ ನೋಡಿದ ಕೂಪರ್‌ಗೆ ಅದರೊಳಗಿನ ಗುಣ ಕಂಡಿತು. ಇಸಿಗೋನಿಸ್‌ಗೆ ಮಾತ್ರ ಅಷ್ಟೇನೂ ಮನಸ್ಸಿರಲಿಲ್ಲ. ಜನಸಾಮಾನ್ಯರಿಗೆ ಮಾಡಿದ ಕಾರಿಗೆ ರೇಸ್ ಯಾಕೆ ಎಂಬ ಭಾವ. ಕೂಪರ್ ಬಿಎಂಸಿಯ ಜಾರ್ಜ್ ಹ್ಯಾರಿಮನ್ ಬಳಿ ಹೋಗಿ ಒಪ್ಪಿಸಿದರು. ರೇಸಿಗೆ ಅರ್ಹತೆ ಸಿಗಲು ಬೇಕಾದ ಸಾವಿರ ಕಾರು ಮಾಡೋಣ, ಕಾರೊಂದಕ್ಕೆ ಕೂಪರ್‌ಗೆ ಎರಡು ಪೌಂಡ್ ಗೌರವಧನ. ಸಾವಿರ ಯಾರು ಕೊಳ್ಳುತ್ತಾರೆ ಎಂಬ ಅನುಮಾನ ಕಂಪನಿಗೆ ಇದ್ದೇ ಇತ್ತು. 1961ರಲ್ಲಿ ಬಂದ ಮಿನಿ ಕೂಪರ್ ಆಮೇಲೆ ದಶಕ ಪೂರ್ತಿ ಮಾರಾಟವಾಯಿತು.

ಕೂಪರ್ ಏನು ಬದಲಿಸಿದರು? ನಮ್ಮ ಗೆಳೆಯನ ಪ್ರಶ್ನೆಗೆ ಉತ್ತರ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇವೆ. ಎಂಜಿನನ್ನು 997 ಸಿಸಿಗೆ ಏರಿಸಿದರು. ಒಂದು ಕಾರ್ಬ್ಯುರೇಟರ್ ಇದ್ದಲ್ಲಿ ಎರಡು ಇಟ್ಟರು. 34 ಇದ್ದದ್ದು 55 ಅಶ್ವಶಕ್ತಿ ಆಯಿತು. ಗೇರಿನ ಲೆಕ್ಕಾಚಾರ ಬದಲಾಯಿತು, ಗೇರ್ ಕೋಲು ಗಿಡ್ಡವಾಗಿ ಕೈಗೆ ಹತ್ತಿರ ಬಂತು. ಜೊತೆಗೆ, ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ಚಕ್ರಗಳ ಡ್ರಮ್ ಬ್ರೇಕ್ ಕಿತ್ತು ಏಳಿಂಚಿನ ಡಿಸ್ಕ್ ಬ್ರೇಕ್ ಹಾಕಿದರು. ಹತ್ತಿಂಚಿನ ಚಕ್ರದೊಳಗೆ ಡಿಸ್ಕ್ ತೂರಿಸುವುದು ಸಣ್ಣ ಕೆಲಸವಲ್ಲ, ಅಷ್ಟು ಪುಟ್ಟ ಡಿಸ್ಕನ್ನು ಅದಕ್ಕೆಂದೇ ಮಾಡಿಸಬೇಕಾಯಿತು. ವೇಗ ದುಪ್ಪಟ್ಟಾದರೆ ಅಷ್ಟೇ ದೂರದಲ್ಲಿ ನಿಲ್ಲಿಸಲು ಬೇಕಾದ ಬಲ ದುಪ್ಪಟ್ಟಲ್ಲ, ನಾಲ್ಕುಪಟ್ಟು. ರೇಸಿನವರಿಗೆ ಇದು ಪಾಠದಿಂದಲ್ಲ, ಪೆಟ್ಟಿನಿಂದ ಗೊತ್ತಿರುತ್ತದೆ. ಹೊರಗಿನಿಂದ ನೋಡಿದರೆ ಕೂಪರ್‌ಗೂ ಮಾಮೂಲಿ ಮಿನಿಗೂ ಹೆಚ್ಚು ವ್ಯತ್ಯಾಸ ಕಾಣುತ್ತಿರಲಿಲ್ಲ.

ಕಂಪನಿಯಷ್ಟೇ ಅಲ್ಲ, ಹಳ್ಳಿ ಗ್ಯಾರೇಜಿನವರೂ ಮಿನಿಯ ಮೇಲೆ ಕೈಯಾಡಿಸಿದರು. ವಿಲ್ಟ್‌ಶೈರ್ ಜಿಲ್ಲೆಯ ಡೌನ್‌ಟನ್ ಎಂಬ ಹಳ್ಳಿಯಲ್ಲಿ ಡೇನಿಯಲ್ ರಿಚ್ಮಂಡ್ ಮತ್ತು ಅವರ ಹೆಂಡತಿ ಬಂಟಿ ಒಂದು ವರ್ಕ್‌ಶಾಪ್ ಇಟ್ಟಿದ್ದರು. ರಿಚ್ಮಂಡ್ ಕೈಚಳಕವೆಲ್ಲ ಎಂಜಿನ್ನಿನ ಹೆಡ್‌ನಲ್ಲಿ. ಗಾಳಿ ಪೆಟ್ರೋಲ್ ಒಳಗೆ ಹೋಗುವ, ಹೊಗೆ ಹೊರಗೆ ಬರುವ ದಾರಿಗಳನ್ನು ಅರ ಹಾಕಿ ಉಜ್ಜಿ, ಉಸಿರು ಸಲೀಸಾಗುವಂತೆ ಮಾಡುತ್ತಿದ್ದರು. ಹೊಸ ಭಾಗ ಕಡಿಮೆ, ತಾಳ್ಮೆ ಜಾಸ್ತಿ. ಆ ಹಳ್ಳಿಗೆ ದೂರದೂರದ ಕಾರುಗಳು ಬಂದು ಸಾಲು ನಿಂತವು. ಕಡೆಗೆ ಬಿಎಂಸಿಯೇ ಅವರ ಸಲಹೆ ಕೇಳಿತು.

1963ರಲ್ಲಿ ಇನ್ನೂ ಗಟ್ಟಿಯಾದ ಕೂಪರ್ ಎಸ್ ಬಂತು. 1071 ಸಿಸಿ, 70 ಅಶ್ವಶಕ್ತಿ, ಬ್ರೇಕೂ ಮತ್ತೆ ದೊಡ್ಡದಾಯಿತು. 1964ರ ಜನವರಿಯಲ್ಲಿ ಮಾಂಟೆ ಕಾರ್ಲೊ ರ್ಯಾಲಿ. ಯುರೋಪಿನ ಬೇರೆಬೇರೆ ಊರುಗಳಿಂದ ಹೊರಟು, ಚಳಿಗಾಲದ ಹಿಮದಲ್ಲಿ ಆಲ್ಪ್ಸ್ ಬೆಟ್ಟ ದಾಟಿ, ಸಮುದ್ರ ದಡದ ಮೊನಾಕೊ ಸೇರುವ ಪಂದ್ಯ. ಬೆಲ್‌ಫಾಸ್ಟ್‌ನ ಪ್ಯಾಡಿ ಹಾಪ್‌ಕರ್ಕ್ ಹೊರಟದ್ದು ಸೋವಿಯತ್ ದೇಶದ ಮಿನ್ಸ್ಕ್‌ನಿಂದ, ಪಕ್ಕದಲ್ಲಿ ದಾರಿ ಹೇಳಲು ಹೆನ್ರಿ ಲಿಡನ್. ಎದುರಾಳಿ ಬೋ ಯುಂಗ್‌ಫೆಲ್ಟ್‌ರ ಅಮೆರಿಕದ ಫೋರ್ಡ್ ಫಾಲ್ಕನ್, ಮಿನಿಯ ನಾಲ್ಕುಪಟ್ಟಿಗೂ ದೊಡ್ಡ ಎಂಜಿನ್. ಬರಿ ವೇಗದಲ್ಲಿ ಫಾಲ್ಕನ್ನೇ ಮುಂದು. ಆದರೆ ಸಣ್ಣ ಎಂಜಿನ್‌ಗೆ ರಿಯಾಯಿತಿ ಕೊಡುವ ನಿಯಮ ಆಗ ಇತ್ತು, ಆ ಲೆಕ್ಕದಲ್ಲಿ ಮಿನಿ ಗೆದ್ದಿತು. ಇದನ್ನು ಬಚ್ಚಿಟ್ಟು ಬರೆಯುವವರೇ ಹೆಚ್ಚು. ನಮಗೆ ಇದರಿಂದ ಮಿನಿಯ ಮರ್ಯಾದೆ ಕಡಿಮೆ ಅನ್ನಿಸಲಿಲ್ಲ. ನಾಲ್ಕುಪಟ್ಟು ಎಂಜಿನ್ನಿನ ಬೆನ್ನಿಗೇ ಇರುವುದೂ ಸಣ್ಣ ಮಾತಲ್ಲ.

1965ರಲ್ಲಿ ಅಂಥ ಅನುಮಾನಕ್ಕೂ ಜಾಗ ಉಳಿಯಲಿಲ್ಲ. ಹಿಮ ಬಿರುಗಾಳಿಗೆ 237 ಕಾರುಗಳಲ್ಲಿ 35 ಮಾತ್ರ ಮೊನಾಕೊ ಮುಟ್ಟಿದವು, ಫಿನ್ಲೆಂಡಿನ ಟಿಮೋ ಮ್ಯಾಕಿನೆನ್ ಗೆದ್ದರು. ಫಿನ್ಲೆಂಡಿನ ಡ್ರೈವರ್‌ಗಳದ್ದು ಒಂದು ವಿದ್ಯೆ. ಬಲಗಾಲು ಆಕ್ಸಿಲರೇಟರ್ ಬಿಡದಂತೆ ಎಡಗಾಲಲ್ಲಿ ಬ್ರೇಕ್ ಮುಟ್ಟುವುದು. ಮುಂದಿನ ಚಕ್ರ ಎಳೆಯುತ್ತಿರುತ್ತದೆ, ಹಿಂದಿನದು ಹಿಡಿತ ಸಡಿಲಿಸಿ ಹೊರಳುತ್ತದೆ, ಕಾರು ತಿರುವಿಗೆ ತಾನೇ ಮುಖ ಮಾಡುತ್ತದೆ. (ಊರಿನ ರಸ್ತೆಯಲ್ಲಿ ಪ್ರಯೋಗ ಬೇಡ, ಅಲ್ಲಿ ಎಮ್ಮೆ ಇರುತ್ತವೆ, ಮಕ್ಕಳಿರುತ್ತಾರೆ.)

1966ರದು ಹೊಟ್ಟೆ ಉರಿಸುವ ಕಥೆ. ಮ್ಯಾಕಿನೆನ್, ರೌನೋ ಆಲ್ಟೊನೆನ್, ಹಾಪ್‌ಕರ್ಕ್ ಮೂವರೂ ಮಿನಿಗಳಲ್ಲಿ ಒಂದು, ಎರಡು, ಮೂರನೇ ಸ್ಥಾನ ಪಡೆದರು. ಆ ವರ್ಷದ ಹೊಸ ನಿಯಮದಂತೆ ಕಾರುಗಳು ಅಂಗಡಿಯಲ್ಲಿ ಸಿಗುವ ಕಾರಿನಂತೆಯೇ ಇರಬೇಕು. ಸಂಘಟಕರು ಮಿನಿಗಳ ಎಂಜಿನ್ ಬಿಚ್ಚಿ ಗಂಟೆಗಟ್ಟಲೆ ತಡಕಾಡಿದರು, ಏನೂ ಸಿಗಲಿಲ್ಲ. ಕಡೆಗೆ ಸಿಕ್ಕಿದ್ದು ಹೆಡ್‌ಲೈಟ್. ಎದುರು ಗಾಡಿ ಬಂದಾಗ ಬೆಳಕು ತಗ್ಗಿಸುವ ವಿಧಾನ ನಿಯಮದಂತಿಲ್ಲ ಎಂದು ಮೂರೂ ಮಿನಿಗಳನ್ನು ಪಂದ್ಯದಿಂದ ಹೊರಹಾಕಿದರು. ಇಂಗ್ಲೆಂಡಿನ ಫೋರ್ಡ್ ಕಾರನ್ನೂ ಹೊರಹಾಕಿ, ಹಿಂದೆ ಇದ್ದ ಫ್ರಾನ್ಸಿನ ಸಿಟ್ರೊಯೆನ್‌ಗೆ ಬಹುಮಾನ ಕೊಟ್ಟರು. ಅದನ್ನು ಓಡಿಸಿದ ಪೌಲಿ ತೊಯ್ವೊನೆನ್‌ಗೂ ಆ ಗೆಲುವು ರುಚಿಸಲಿಲ್ಲ. ಬಲ್ಬು ನಿಯಮಕ್ಕೆ ಹೊರತಾಗಿತ್ತು ಎಂಬುದು ನಿಜವೇ ಇರಬಹುದು. ಆದರೆ ಸಿಗುವವರೆಗೂ ಹುಡುಕುವುದಕ್ಕೆ ತಪಾಸಣೆ ಎನ್ನುವುದಿಲ್ಲ. ಮುಂದಿನ ವರ್ಷ ಆಲ್ಟೊನೆನ್ ಅದೇ ರ್ಯಾಲಿಗೆ ಮಿನಿಯಲ್ಲೇ ಹೋಗಿ, ಹದಿಮೂರು ಸೆಕೆಂಡುಗಳ ಅಂತರದಲ್ಲಿ ಗೆದ್ದು ಬಂದರು.

ಮಿನಿಗೆ ಹಿಂದೆ ಮೇಲಕ್ಕೆತ್ತುವ ಬಾಗಿಲು ಇರಲಿಲ್ಲ, ಹಾಗಾಗಿ ಅದನ್ನು ಹಾಟ್ ಹ್ಯಾಚ್ ಎನ್ನಬಾರದು ಎಂದು ವಾದಿಸುವವರಿದ್ದಾರೆ. ಆ ಹೆಸರು ಗಟ್ಟಿಯಾದದ್ದು 1976ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐನಿಂದ. ಕೆಲವು ಎಂಜಿನಿಯರ್‌ಗಳು ಕಂಪನಿಗೆ ಹೇಳದೆ ಕದ್ದುಮುಚ್ಚಿ ಶುರು ಮಾಡಿದ ಕಾರು ಅದು. 110 ಅಶ್ವಶಕ್ತಿ, ಎಂಟುನೂರು ಕೆ.ಜಿ. ಚಿಲ್ಲರೆ ತೂಕ. ಐದು ಸಾವಿರ ಮಾರಿದರೆ ಸಾಕು ಎಂದುಕೊಂಡಿದ್ದರು, ಮೊದಲ ಪೀಳಿಗೆಯೇ ನಾಲ್ಕೂವರೆ ಲಕ್ಷ ದಾಟಿತು. ಗೇರ್‌ಬಾಕ್ಸನ್ನು ಎಂಜಿನ್ ಕೆಳಗೆ ಇಡುವ ಇಸಿಗೋನಿಸ್ ಪದ್ಧತಿ ಅದರಲ್ಲಿ ಇರಲಿಲ್ಲ. ಎಂಜಿನ್ ಪಕ್ಕಕ್ಕೆ ಇಡುವ ಪದ್ಧತಿ ಇಟಲಿಯ ದಾಂತೆ ಜಾಕೋಸಾ ಅವರದು, 1964ರ ಆಟೊಬಿಯಾಂಕಿ ಪ್ರಿಮುಲಾದಲ್ಲಿ ಬಂದದ್ದು. 1983ರ ಡಿಸೆಂಬರ್‌ನಲ್ಲಿ ನಮ್ಮಲ್ಲಿ ಹೊರಬಂದ ಮಾರುತಿ 800 ಇವರಿಬ್ಬರಿಗೂ ಋಣಿ. ಅದರ 796 ಸಿಸಿ ಎಂಜಿನ್ ಮೊದಲ ಮಿನಿಯದಕ್ಕಿಂತಲೂ ಸಣ್ಣದು, ತೂಕ ಹೆಚ್ಚುಕಮ್ಮಿ ಅಷ್ಟೇ.

ನಮ್ಮಲ್ಲಿ ಈಗ ಕಾನೂನು ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ನಮೂದಿಸಿದ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೂ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಗೆಳೆಯನ ಕೈ ಕೂಡಿದೆ. ಇದನ್ನೆಲ್ಲ ಬರೆಯುವ ಮೊದಲು ಅವನಿಗೆ ಓದಿ ಹೇಳಿದೆವು. ಬ್ರೇಕ್ ವಿಷಯ ಬಂದಾಗ ಸುಮ್ಮನಾದ. ಸೈಲೆನ್ಸರ್, ಟೈರು ಎಲ್ಲ ಸೇರಿ ಅವನು ಇಪ್ಪತ್ತೆಂಟು ಸಾವಿರ ಸುರಿದಿದ್ದ, ಬ್ರೇಕ್ ಶೂ ಮಾತ್ರ ಹಿಂದಿನ ಮಾಲೀಕನ ಕಾಲದವೇ. ಈಗ ಪ್ಯಾಡು, ಶೂ, ಆಯಿಲ್ ಪೈಪು ಎಲ್ಲ ಹೊಸದು ಹಾಕಿಸಿದ್ದಾನೆ. ಹಿಂದಿನ ಸೀಟು ಅಟ್ಟದಿಂದ ಇಳಿದಿದೆ, ಇಲಿ ಒಂದು ಮೂಲೆ ತಿಂದಿದೆ. ಹಳೆಯ ಸೈಲೆನ್ಸರನ್ನು ಮಾತ್ರ ಗ್ಯಾರೇಜಿನವರು ಆಗಲೇ ಗುಜರಿಗೆ ಹಾಕಿಬಿಟ್ಟಿದ್ದಾರೆ. 800ರದ್ದು ಒಳ್ಳೆಯದು ಯಾರ ಹತ್ತಿರವಾದರೂ ಇದ್ದರೆ ನಮಗೆ ತಿಳಿಸಿ.