ಕನ್ನಡದ ಎಳೆಯರ ಹಾಡು: ಮೇಷ್ಟ್ರು, ರಂಗ, ಕ್ಯಾಸೆಟ್

ಕನ್ನಡದಲ್ಲಿ ಎಳೆಯ ಮಕ್ಕಳ ತುಂಟ ಹಾಡನ್ನು ಬೆಳೆಸಿದವರು ವಾದ್ಯಗಾರರಲ್ಲ, ಶಾಲೆಯ ಮೇಷ್ಟ್ರುಗಳು. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು (1874–1937) ಅಧ್ಯಾಪಕರಾಗಿ, ಮುಂದೆ ಶಾಲಾ ಇನ್‌ಸ್ಪೆಕ್ಟರಾಗಿ ದುಡಿದವರು. ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದ ಪದ್ಯಗಳನ್ನು ಮಕ್ಕಳ ಮುಂದೆ ತಾವೇ ಹಾಡಿ, ಅಭಿನಯಿಸಿ ತೋರಿಸುತ್ತಿದ್ದರು. ಅವರ ‘ತೆಂಕಣ ಗಾಳಿಯಾಟ’ದಲ್ಲಿ ಗಾಳಿಯ ವರ್ಣನೆಗಿಂತ ಗಾಳಿಯ ಸದ್ದೇ ಹೆಚ್ಚು, ಮಾತೇ ಅಲ್ಲಿ ವಾದ್ಯದ ಕೆಲಸ ಮಾಡುತ್ತದೆ.

ಈ ದಾರಿಯನ್ನು ಇನ್ನಷ್ಟು ಹಗುರ ಮಾಡಿದವರು ಜಿ.ಪಿ. ರಾಜರತ್ನಂ (1909–1979). ಅವರ ಶಿಶುಗೀತೆಗಳ ಗುಟ್ಟು ಛಂದಸ್ಸಿನಲ್ಲಿದೆ: ನಾಲ್ಕು ನಾಲ್ಕು ಮಾತ್ರೆಯ ನಡೆ, ತುಂಡು ಸಾಲು, ಕೊನೆಯಲ್ಲಿ ಠಣ್ಣನೆ ಬೀಳುವ ಪ್ರಾಸ. ಚಪ್ಪಾಳೆ ತಟ್ಟಿದರೆ ತಾಳ ಸಿದ್ಧ. ‘ತುತ್ತೂರಿ’ಯಲ್ಲಿ ತಗಡಿನ ವಾದ್ಯ ಕೊಂಡು ಹುಡುಗ ಬೀಗುತ್ತಾನೆ, ಕೊಳದ ಬಳಿ ತುತ್ತೂರಿ ನೀರಿಗೆ ಜಾರುತ್ತದೆ, ಒಳಗೆ ನೀರು ಹೊಕ್ಕು ಅದರ ದನಿ ಕಟ್ಟುತ್ತದೆ. ಜಂಬ ಬೇಡವೆಂಬ ಬುದ್ಧಿಮಾತು ಅದರಲ್ಲಿ ಇದೆಯಾದರೂ ಮಕ್ಕಳು ಅದನ್ನು ನೆನಪಿಟ್ಟುಕೊಂಡದ್ದು ಆ ಬುದ್ಧಿಮಾತಿಗಾಗಿ ಅಲ್ಲ.

ಕುವೆಂಪು 1920ರ ದಶಕದಲ್ಲಿ ಬರೆದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗೆ ರಾಬರ್ಟ್ ಬ್ರೌನಿಂಗ್‌ನ 1842ರ ಕವನ ಮೂಲ. ಯುರೋಪಿನ ಊದುವ ಕೊಳಲು ಇಲ್ಲಿ ಜೋಗಿಯ ತಂತಿವಾದ್ಯವಾಯಿತು. ಇಲಿಗಳ ಸೈನ್ಯ ಬೀದಿಗಿಳಿಯುವ ಭಾಗದ ಓಟದ ಲಯ ಗಟ್ಟಿಯಾಗಿ ಓದುವಾಗಲೇ ತಿಳಿಯುವಂಥದು. ಶಾಲಾ ವಾರ್ಷಿಕೋತ್ಸವಗಳಲ್ಲಿ ಈ ಕಥನಗೀತೆ ಇಂದಿಗೂ ಬಿಟ್ಟೂಬಿಡದೆ ಕುಣಿಯುತ್ತಿದೆ.

ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರಿಂದ ಬೆಳೆದ ಸುಗಮ ಸಂಗೀತ ಕವಿತೆಯನ್ನು ಮನೆಮನೆಗೆ ಮುಟ್ಟಿಸಿತು. ಆದರೆ ಅದರ ಮೊದಲ ಕೇಳುಗರು ದೊಡ್ಡವರು. ಮಕ್ಕಳಿಗಾಗಿ ಚೇಷ್ಟೆಯ ಸಂಗೀತ ಹುಟ್ಟಿದ್ದು ರಂಗದ ಮೇಲೆ, ಮುಖ್ಯವಾಗಿ ಬಿ.ವಿ. ಕಾರಂತರಿಂದ (1929–2002). ಅವರೂ ಬಂಟ್ವಾಳ ಸೀಮೆಯವರೇ. ಎಳವೆಯಲ್ಲಿ ಬಣ್ಣ ಹಚ್ಚಿದ್ದು ಕುವೆಂಪು ಅವರ ಮಕ್ಕಳ ನಾಟಕ ‘ನನ್ನ ಗೋಪಾಲ’ಕ್ಕೆ. ರಾಗಶುದ್ಧಿಗಿಂತ ಸದ್ದಿನ ಬಣ್ಣ ಅವರಿಗೆ ಮುಖ್ಯವಾಗಿತ್ತು. ಕೈಗೆ ಸಿಕ್ಕ ವಸ್ತುವನ್ನೆಲ್ಲ ವಾದ್ಯವಾಗಿಸುವ, ನಟರ ಗಂಟಲಿನಿಂದಲೇ ಗದ್ದಲ ಎಬ್ಬಿಸುವ ಅವರ ಕ್ರಮ ಮಕ್ಕಳ ಆಟಕ್ಕೆ ಬಹಳ ಹತ್ತಿರ. ಟ್ಯಾಗೋರರ ಗಿಣಿಯ ಕಥೆಯಿಂದ ಬಂದ ‘ಪಂಜರ ಶಾಲೆ’, ಪ್ರೇಮಾ ಕಾರಂತರು ಮಕ್ಕಳೊಂದಿಗೆ ಕಟ್ಟಿದ ಪ್ರಯೋಗಗಳು, 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣದ ಬೇಸಿಗೆಯ ಚಿಣ್ಣರ ಮೇಳ ಎಲ್ಲವೂ ಈ ಒರತೆಯಿಂದಲೇ ಹರಿದವು.

ಚಿತ್ರದುರ್ಗ ಜಿಲ್ಲೆಗೂ ಇದರಲ್ಲಿ ಪಾಲಿದೆ. ಹೊಳಲ್ಕೆರೆ ಸೀಮೆಯ ಮಲ್ಲಾಡಿಹಳ್ಳಿಯ ಪ್ರೌಢಶಾಲೆಯಲ್ಲಿ ಕವಿ ಎಚ್.ಎಸ್. ವೆಂಕಟೇಶಮೂರ್ತಿ (1944–2025) ಬೆಂಗಳೂರು ಸೇರುವ ಮುನ್ನ ಮೇಷ್ಟ್ರಾಗಿದ್ದರು. ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಚಿನ್ನಾರಿ ಮುತ್ತ’ಕ್ಕೆ (1993) ಹಾಡು ಬರೆದವರು ಅವರೇ, ಸಂಗೀತ ಅಶ್ವತ್ಥರದು. ಆ ಸಿನಿಮಾದ ಹಾಡು ಕ್ಯಾಸೆಟ್ಟಿನಲ್ಲಿ ಹಳ್ಳಿಹಳ್ಳಿಗೆ ಹೋಯಿತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಲ್ಲಿ ಹುಟ್ಟಿದ ಶಿವಸಂಚಾರ ತಿರುಗಾಟದ ನಾಟಕ ತಂಡ. ಅಲ್ಲಿನ ಶಾಲೆಯ ಮಕ್ಕಳು ವಚನಗಳಿಗೆ ಹೆಜ್ಜೆ ಹಾಕುವುದು ಈಗ ವಾಡಿಕೆಯಾಗಿದೆ.

ಸರ್ಕಾರಿ ಶಾಲೆಯೂ ಹಾಡನ್ನು ಒಳಗೆ ಕರೆದುಕೊಂಡಿತು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಮೊದಲಾದ ನಲಿ-ಕಲಿಯಲ್ಲಿ ಹಾಡು ಪಾಠದ ನಡುವಿನ ಬಿಡುವಲ್ಲ, ಪಾಠದ ಒಂದು ಮೆಟ್ಟಿಲು.

ಹೊರನಾಡುಗಳಲ್ಲಿ ಮಕ್ಕಳ ಹಾಡು ಕಟ್ಟುವ ಕೆಲಸ ಬೇರೆ ಕೈಗಳಿಗೆ, ಹಾಡುಗಾರರಿಗೆ ಮತ್ತು ಸಂಗೀತ ತಂಡಗಳಿಗೆ, ಹೋಯಿತು. ಅಮೆರಿಕದಲ್ಲಿ ಎಲಾ ಜೆಂಕಿನ್ಸ್ 1957ರಲ್ಲೇ ಒಬ್ಬರು ಹೇಳಿ ಉಳಿದವರು ಮರುದನಿ ಕೊಡುವ ಹಾಡುಗಳ ತಟ್ಟೆ ತಂದರು. ಆಸ್ಟ್ರೇಲಿಯಾದಲ್ಲಿ 1991ರಲ್ಲಿ ವಿಗಲ್ಸ್ ತಂಡ ಹುಟ್ಟಿತು. ದೊಡ್ಡವರಿಗಾಗಿ ವಿಚಿತ್ರ ಹಾಡು ಕಟ್ಟುತ್ತಿದ್ದ ‘ದೇ ಮೈಟ್ ಬಿ ಜೈಂಟ್ಸ್’ ಎಂಬ ರಾಕ್ ತಂಡ 2002ರಲ್ಲಿ ಮಕ್ಕಳತ್ತ ತಿರುಗಿತು, ತನ್ನ ವಕ್ರಬುದ್ಧಿಯನ್ನು ಮಾತ್ರ ಬಿಡಲಿಲ್ಲ. 2009ರ ವಿಜ್ಞಾನದ ಹಾಡುಗಳಲ್ಲಿ ಸೂರ್ಯನನ್ನು ಕಾದು ಹೊಳೆಯುವ ಅನಿಲವೆನ್ನುವ ಹಳೆಯ ಹಾಡೊಂದನ್ನು ಹಾಡಿ, ಬೆನ್ನಿಗೇ ಅದು ಪ್ಲಾಸ್ಮಾ ಎಂದು ತಿದ್ದುವ ಹಾಡನ್ನೂ ಸೇರಿಸಿತು. ಮಕ್ಕಳನ್ನು ದಡ್ಡರೆಂದು ಬಗೆಯದ ಈ ಗುಣ ಪಂಜೆಯವರಿಗೆ ಹಿಡಿಸುತ್ತಿತ್ತೇನೋ.

ಬೆಂಗಳೂರಿನಲ್ಲಿ ರಾಕ್ ತಂಡಗಳಿಗೆ ಬರವಿಲ್ಲ. ರಘು ದೀಕ್ಷಿತ್ 2008ರ ಆಲ್ಬಂನಲ್ಲಿ ಶಿಶುನಾಳ ಶರೀಫರನ್ನು ಗಿಟಾರಿಗೆ ತಂದು ಗೆದ್ದರು. ಆದರೂ ಎಳೆಯರಿಗೆಂದೇ ನೆಲೆಯಾಗಿ ನುಡಿಸುವ ರಾಕ್ ಇಲ್ಲಿ ಬೇರೂರಲಿಲ್ಲ. ತಂಡಗಳ ಬದುಕು ಕಾಲೇಜು ಉತ್ಸವ ಮತ್ತು ಸಂಜೆಯ ಕಾರ್ಯಕ್ರಮಗಳದು. ಮೂರು ವರ್ಷದ ಕೇಳುಗ ಅಲ್ಲಿಗೆ ಬರುವುದಿಲ್ಲ. ಮಕ್ಕಳ ಹಾಡಿನ ಮಾರುಕಟ್ಟೆ ಕ್ಯಾಸೆಟ್ ಕಂಪನಿಗಳಿಂದ ಬೆಂಗಳೂರಿನ ಇನ್ಫೋಬೆಲ್ಸ್‌ನಂಥ ಅನಿಮೇಷನ್ ಸಂಸ್ಥೆಗಳಿಗೆ ದಾಟಿದೆ. ಅಲ್ಲಿ ಚಿತ್ರಕ್ಕೆ ಹೊಂದುವಂತೆ ವೇಗ ಮೊದಲೇ ಗೊತ್ತಾಗಿರುತ್ತದೆ. ಅಂಗನವಾಡಿಯಲ್ಲಿ ಅದೇ ಹಾಡನ್ನು ಹೇಳಿಕೊಡುವ ಕಾರ್ಯಕರ್ತೆ ಮಾತ್ರ ತಡೆದು ಹಾಡುತ್ತಾಳೆ, ಹಿಂದುಳಿದ ಮಗು ಬಂದು ಸೇರುವ ತನಕ ಅದೇ ಸಾಲನ್ನು ಮತ್ತೆ ಹಿಡಿಯುತ್ತಾಳೆ.