ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಪಠ್ಯ ಆದೇಶಗಳು ಮತ್ತು ಮ್ಯಾಕ್ರೊಗಳು

ಪಠ್ಯ ಆದೇಶ ಎಂದರೆ ಆಟಗಾರನು ಕೀಲಿಮಣೆಯಲ್ಲಿ ಟೈಪ್ ಮಾಡಿ ಆಟಕ್ಕೆ ನೀಡುವ ಸೂಚನೆ. ಇಂತಹ ಒಂದು ಅಥವಾ ಹಲವು ಆದೇಶಗಳನ್ನು ಬರೆದಿಟ್ಟು, ಹೆಸರು ಕೊಟ್ಟು, ಒಂದೇ ಗುಂಡಿಗೆ ಜೋಡಿಸಿದರೆ ಅದನ್ನು ಮ್ಯಾಕ್ರೊ ಎನ್ನುತ್ತಾರೆ. ಬ್ಲಿಝಾರ್ಡ್ ಎಂಟರ್‌ಟೈನ್‌ಮೆಂಟ್ ಸಂಸ್ಥೆಯು 2004ರ ನವೆಂಬರ್ 23ರಂದು ಬಿಡುಗಡೆ ಮಾಡಿದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟದಲ್ಲಿ ಇವೆರಡೂ ಅಧಿಕೃತ ಸೌಲಭ್ಯಗಳಾಗಿವೆ. ಆಟಗಾರನ ಕೈಕೆಲಸವನ್ನು ಕಡಿಮೆ ಮಾಡುವುದು ಮ್ಯಾಕ್ರೊದ ಉದ್ದೇಶವೇ ಹೊರತು ಅವನ ಪರವಾಗಿ ನಿರ್ಧಾರ ಕೈಗೊಳ್ಳುವುದಲ್ಲ. ಮ್ಯಾಕ್ರೊಗಳ ಮೇಲಿರುವ ಮುಖ್ಯ ನಿರ್ಬಂಧಗಳನ್ನು ಈ ತತ್ತ್ವದ ಬೆಳಕಿನಲ್ಲಿ ಅರ್ಥಮಾಡಿಕೊಳ್ಳಬಹುದು.

ಹಿನ್ನೆಲೆ

ಹಲವರು ಒಟ್ಟಿಗೆ ಆಡುವ ಆರಂಭದ ಕಂಪ್ಯೂಟರ್ ಆಟಗಳಲ್ಲಿ ಕೆಲವು ಸಂಪೂರ್ಣವಾಗಿ ಪಠ್ಯರೂಪದಲ್ಲಿದ್ದವು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ 1978ರಲ್ಲಿ ಆರಂಭಿಸಿ, ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಆಟದಲ್ಲಿ ಚಿತ್ರಗಳೇ ಇರಲಿಲ್ಲ. ನಡೆಯುವುದು, ವಸ್ತುವನ್ನು ಎತ್ತಿಕೊಳ್ಳುವುದು, ಹೋರಾಡುವುದು ಎಲ್ಲವೂ ಟೈಪ್ ಮಾಡಿದ ಪದಗಳಿಂದಲೇ ನಡೆಯುತ್ತಿತ್ತು. ಮುಂದೆ ಚಿತ್ರ ಮತ್ತು ಮೌಸ್ ಬಂದರೂ ಪಠ್ಯ ಆದೇಶಗಳು ಉಳಿದುಕೊಂಡವು.

ಪಠ್ಯ ಆದೇಶಗಳು

ಆದೇಶಗಳನ್ನು ಮಾತುಕತೆಯ ಪೆಟ್ಟಿಗೆಯಲ್ಲಿ ಓರೆಗೆರೆಯಿಂದ (/) ಆರಂಭಿಸಿ ಬರೆಯಬೇಕು. ಓರೆಗೆರೆ ಇಲ್ಲದಿದ್ದರೆ ಆಟವು ಅದನ್ನು ಸಾಮಾನ್ಯ ಮಾತೆಂದು ಪರಿಗಣಿಸುತ್ತದೆ. ಆಟದಲ್ಲಿ ಇವನ್ನು ರೋಮನ್ ಲಿಪಿಯಲ್ಲಿ ಟೈಪ್ ಮಾಡಲಾಗುತ್ತದೆ. ಇಲ್ಲಿ ಅವುಗಳ ಉಚ್ಚಾರಣೆಯನ್ನು ಕೊಡಲಾಗಿದೆ.

- /ಸೇ: ಹತ್ತಿರದಲ್ಲಿರುವವರಿಗೆ ಕೇಳಿಸುವಂತೆ ಮಾತನಾಡಲು
- /ವಿಸ್ಪರ್: ಒಬ್ಬರಿಗೆ ಮಾತ್ರ ಖಾಸಗಿ ಸಂದೇಶ ಕಳುಹಿಸಲು
- /ಟಾರ್ಗೆಟ್: ಗುರಿಯನ್ನು ಆರಿಸಲು
- /ಕಾಸ್ಟ್: ಮಂತ್ರವನ್ನು ಪ್ರಯೋಗಿಸಲು
- /ಯೂಸ್: ಬಳಿಯಿರುವ ವಸ್ತುವನ್ನು ಬಳಸಲು
- /ಮ್ಯಾಕ್ರೊ: ಮ್ಯಾಕ್ರೊ ಬರೆಯುವ ಕಿಟಕಿಯನ್ನು ತೆರೆಯಲು

ಮ್ಯಾಕ್ರೊದ ರಚನೆ

ಒಂದು ಮ್ಯಾಕ್ರೊದಲ್ಲಿ ಗರಿಷ್ಠ 255 ಅಕ್ಷರಗಳಿರಬಹುದು. ಸಾಲುಗಳು ಮೇಲಿನಿಂದ ಕೆಳಕ್ಕೆ ಕ್ರಮವಾಗಿ ನಡೆಯುತ್ತವೆ. ಚೌಕ ಆವರಣದೊಳಗೆ ಷರತ್ತುಗಳನ್ನು ಸೇರಿಸಬಹುದು. ಉದಾಹರಣೆಗೆ:

/ಕಾಸ್ಟ್ [@ಮೌಸ್‌ಓವರ್, ಹೆಲ್ಪ್, ನೋಡೆಡ್] [@ಪ್ಲೇಯರ್] ಫ್ಲ್ಯಾಶ್ ಹೀಲ್

ಮೌಸಿನ ಸೂಚಕದ ಕೆಳಗೆ ಜೀವಂತವಾಗಿರುವ ಮಿತ್ರನಿದ್ದರೆ ಗುಣಪಡಿಸುವ ಮಂತ್ರವನ್ನು ಅವನ ಮೇಲೆ, ಇಲ್ಲವಾದರೆ ತನ್ನ ಮೇಲೆಯೇ ಪ್ರಯೋಗಿಸು ಎಂಬುದು ಇದರ ಅರ್ಥ. ಒಂದೇ ಆವರಣದೊಳಗಿನ ಅಲ್ಪವಿರಾಮವು ‘ಮತ್ತು’ ಎಂಬ ಅರ್ಥವನ್ನು ಕೊಡುತ್ತದೆ. ಆವರಣಗಳನ್ನು ಎಡದಿಂದ ಬಲಕ್ಕೆ ಪರಿಶೀಲಿಸಿ, ಮೊದಲು ಸತ್ಯವಾದುದನ್ನು ಆಟವು ಸ್ವೀಕರಿಸುತ್ತದೆ. ಹೀಗಾಗಿ ಷರತ್ತುಗಳ ಕ್ರಮ ಬದಲಾದರೆ ಫಲವೂ ಬದಲಾಗಬಹುದು.

ಮಿತಿಗಳು

ಮ್ಯಾಕ್ರೊದಲ್ಲಿ ಮಂತ್ರ ಪ್ರಯೋಗಗಳ ನಡುವೆ ಕಾಯುವ ಆದೇಶವಿಲ್ಲ. ಬಹುತೇಕ ಮಂತ್ರಗಳ ನಂತರ ಸಾಮಾನ್ಯವಾಗಿ 1.5 ಸೆಕೆಂಡುಗಳ ವಿರಾಮ ಕಡ್ಡಾಯವಾದ್ದರಿಂದ, ಗುಂಡಿಯನ್ನು ಒಮ್ಮೆ ಒತ್ತಿದಾಗ ಅಂತಹ ಒಂದು ಮಂತ್ರ ಮಾತ್ರ ನಡೆಯುತ್ತದೆ. /ಕಾಸ್ಟ್‌ಸೀಕ್ವೆನ್ಸ್ ಆದೇಶವು ಹಲವು ಮಂತ್ರಗಳನ್ನು ಸರದಿಯಲ್ಲಿ ಇಡುತ್ತದೆಯಾದರೂ ಪ್ರತಿಯೊಂದಕ್ಕೂ ಗುಂಡಿಯನ್ನು ಮತ್ತೆ ಒತ್ತಲೇಬೇಕು. ಗುರಿಯ ಆರೋಗ್ಯ ಎಷ್ಟು ಉಳಿದಿದೆ, ಮಂತ್ರವು ಮರುಬಳಕೆಗೆ ಸಿದ್ಧವಾಗಿದೆಯೇ ಎಂಬುದನ್ನು ಪರೀಕ್ಷಿಸುವ ಷರತ್ತುಗಳೂ ಇಲ್ಲ. ಅದನ್ನು ಆಟಗಾರನೇ ನೋಡಿ ತೀರ್ಮಾನಿಸಬೇಕು.

ಆರಂಭದ ವರ್ಷಗಳಲ್ಲಿ ಈ ನಿಯಮ ಇಷ್ಟು ಬಿಗಿಯಾಗಿರಲಿಲ್ಲ. ಲುವಾ ಭಾಷೆಯಲ್ಲಿ ಬರೆದ ಪೂರಕ ತಂತ್ರಾಂಶಗಳು ಗುರಿಯನ್ನೂ ಮಂತ್ರವನ್ನೂ ತಾವೇ ಆರಿಸಬಲ್ಲವಾಗಿದ್ದವು. 2006ರ ಡಿಸೆಂಬರಿನಲ್ಲಿ ಬಂದ 2.0 ಆವೃತ್ತಿಯು ಇದಕ್ಕೆ ತಡೆಯೊಡ್ಡಿತು.

ಸ್ವಯಂಚಾಲನೆ ಮತ್ತು ಕಾನೂನು

ಆಟಗಾರನಿಲ್ಲದೆಯೇ ಆಡುವ ‘ಬಾಟ್’ ತಂತ್ರಾಂಶಗಳನ್ನು ಆಟದ ನಿಯಮಗಳು ನಿಷೇಧಿಸುತ್ತವೆ. ಗ್ಲೈಡರ್ ಎಂಬ ಬಾಟ್ ಕುರಿತು ಅದರ ತಯಾರಕ ಎಂಡಿವೈ ಇಂಡಸ್ಟ್ರೀಸ್ ಮತ್ತು ಬ್ಲಿಝಾರ್ಡ್ ನಡುವೆ ನಡೆದ ಮೊಕದ್ದಮೆಯಲ್ಲಿ ಅಮೆರಿಕದ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯವು 2010ರ ಡಿಸೆಂಬರಿನಲ್ಲಿ ತೀರ್ಪು ನೀಡಿತು. ಬಾಟ್ ಬಳಸಬಾರದೆಂಬ ಒಪ್ಪಂದವನ್ನು ಮುರಿದ ಮಾತ್ರಕ್ಕೆ ಕೃತಿಸ್ವಾಮ್ಯದ ಉಲ್ಲಂಘನೆಯಾಗುವುದಿಲ್ಲ, ಆದರೆ ಆಟದ ರಕ್ಷಣಾ ವ್ಯವಸ್ಥೆಯನ್ನು ತಪ್ಪಿಸುವ ಸಾಧನವನ್ನು ಮಾರುವುದು ಡಿಜಿಟಲ್ ಕೃತಿಸ್ವಾಮ್ಯ ಕಾಯಿದೆಗೆ ವಿರುದ್ಧ ಎಂದು ಅದು ಹೇಳಿತು. ಒಂದೇ ಕೀಲಿಯೊತ್ತನ್ನು ಏಕಕಾಲಕ್ಕೆ ಹಲವು ಖಾತೆಗಳಿಗೆ ಕಳುಹಿಸುವ ತಂತ್ರಾಂಶಗಳನ್ನು ಬ್ಲಿಝಾರ್ಡ್ 2020ರ ನವೆಂಬರಿನಲ್ಲಿ ನಿಷೇಧಿಸಿತು.

ಸುರಕ್ಷತೆ

/ರನ್ ಅಥವಾ /ಸ್ಕ್ರಿಪ್ಟ್ ಆದೇಶದ ಮುಂದೆ ಬರೆದುದು ಲುವಾ ಸಂಕೇತವಾಗಿ ನಡೆಯುತ್ತದೆ. ಇದನ್ನು ಬಳಸಿಕೊಂಡು ವಂಚಿಸಿದ ಪ್ರಕರಣಗಳು 2016ರಲ್ಲಿ ಬೆಳಕಿಗೆ ಬಂದವು. ವಂಚಕರು ಸಹಾಯದ ನೆಪದಲ್ಲಿ ಒಂದು ಚಿಕ್ಕ ಸಾಲನ್ನು ಟೈಪ್ ಮಾಡಿಸುತ್ತಿದ್ದರು. ಆ ಸಾಲು ನಡೆದ ನಂತರ ಅವರು ಕಳುಹಿಸುವ ಸಂದೇಶಗಳೇ ಆದೇಶಗಳಾಗಿ ಮಾರ್ಪಟ್ಟು, ಆಟದ ನಿಯಂತ್ರಣದ ಒಂದು ಭಾಗ ಅವರ ಕೈ ಸೇರುತ್ತಿತ್ತು. ಈಗ ಇಂತಹ ಸಂಕೇತವನ್ನು ನಡೆಸುವ ಮೊದಲು ಆಟವು ಎಚ್ಚರಿಕೆ ತೋರಿಸುತ್ತದೆ. ಅರ್ಥ ತಿಳಿಯದ ಆದೇಶವನ್ನು ಅಪರಿಚಿತರ ಮಾತಿನ ಮೇಲೆ ಟೈಪ್ ಮಾಡುವುದು ಸುರಕ್ಷಿತವಲ್ಲ.