ಓವರ್‌ಡ್ರೈವ್
ಕಾರಿನವರಿಗೆ ಓವರ್‌ಡ್ರೈವ್ ಎಂದರೆ ಎಂಜಿನ್ನಿಗೆ ಆರಾಮ ಕೊಡುವ ಗೇರು. ಗಿಟಾರಿನವರಿಗೆ ತದ್ವಿರುದ್ಧ: ವಾಲ್ವ್ ಆಂಪ್ಲಿಫೈಯರಿಗೆ ಅದು ತಾಳುವುದಕ್ಕಿಂತ ಹೆಚ್ಚು ಸಿಗ್ನಲ್ ನೂಕುವುದು. ಆಗ ಅಲೆಯ ನೆತ್ತಿ ಮೆತ್ತಗೆ ಚಪ್ಪಟೆಯಾಗಿ, ಹೊಸ ಹಾರ್ಮೋನಿಕ್‌ಗಳು ಸೇರಿ, ಸ್ವರಕ್ಕೆ ತುಸು ಒರಟು, ತುಸು ಬಿಸುಪು ಬರುತ್ತದೆ. ಆದರೆ ಇದಕ್ಕೆ ವಾಲ್ಯೂಮ್ ಏರಿಸಲೇಬೇಕು, ನೆರೆಮನೆಯವರು ಸುಮ್ಮನಿರಬೇಕಲ್ಲ! 1977ರಲ್ಲಿ ಜಪಾನಿನ ಬಾಸ್ ಕಂಪನಿ ವಾಲ್ಯೂಮ್ ಏರಿಸದೆಯೇ ಇಂಥ ಸ್ವರ ಕೊಡುವ, ಕಾಲಲ್ಲಿ ಒತ್ತುವ ಪುಟ್ಟ ಪೆಟ್ಟಿಗೆಯೊಂದಕ್ಕೆ, ಅಂದರೆ ಪೆಡಲಿಗೆ, ಈ ಹೆಸರನ್ನೇ ಇಟ್ಟಿತು: ಓವರ್‌ಡ್ರೈವ್ ಓಡಿ-1. ಅದರ ಬೆನ್ನಿಗೇ ಬಂದ ಐಬನೇಜ್ ಕಂಪನಿಯ 'ಟ್ಯೂಬ್ ಸ್ಕ್ರೀಮರ್' ಪೆಡಲಿಗೆ ಟ್ಯೂಬು, ಅಂದರೆ ವಾಲ್ವು, ಇರುವುದು ಹೆಸರಿನಲ್ಲಷ್ಟೇ. ಅಲೆಯನ್ನು ಚಪ್ಪಟೆ ಮಾಡುವುದು ಒಂದು ಐಸಿಯ ಜೊತೆಗಿರುವ ಡಯೋಡುಗಳು. ಟೆಕ್ಸಾಸಿನ ಬ್ಲೂಸ್ ವಾದಕ ಸ್ಟೀವಿ ರೇ ವಾನ್ ಅಂತೂ ಅದನ್ನು ನಿಜವಾದ ವಾಲ್ವ್ ಆಂಪಿಗೇ ಜೋಡಿಸಿ ನುಡಿಸುತ್ತಿದ್ದರು. ಈಗ ವಾದ್ಯದಂಗಡಿಯಲ್ಲಿ ಓವರ್‌ಡ್ರೈವ್ ಕೇಳಿದರೆ ಪೆಡಲನ್ನೇ ತೆಗೆದುಕೊಡುತ್ತಾರೆ.